ಎರಡನೇ ಸಲ ಕೇಳದ ಕೋಚ್

ಬಾಸ್ಕೆಟ್‌ಬಾಲಿನಲ್ಲಿ ಹೆಚ್ಚಿನವರು ಹಾರಿ ಹೆಸರು ಮಾಡುತ್ತಾರೆ. ನಮ್ಮ ಬೀದಿಯ ಹಿಲ್ದೊ ಬಿದ್ದು ಹೆಸರು ಮಾಡಿದವನು. ಎದುರು ತಂಡದವರು ಅಮೆರಿಕದಿಂದ ಕರೆಸಿಕೊಂಡ ಆಳು ಬಾಗಿಲಿಗಿಂತ ಎತ್ತರ, ಫ್ರಿಜ್ಜಿಗಿಂತ ಅಗಲ. ಅವನು ಚೆಂಡು ಪುಟಿಸುತ್ತಾ ಗೂಳಿಯ ಹಾಗೆ ನುಗ್ಗಿ ಬರುವಾಗ ಹಿಲ್ದೊ ಹೋಗಿ ದಾರಿಗೆ ಅಡ್ಡ ನಿಲ್ಲುತ್ತಾನೆ. ಎರಡು ಕಾಲೂರಿ, ಕೈ ಎದೆಗೆ ಕಟ್ಟಿ, ಫೋಟೋಗೆ ನಿಂತವನಂತೆ ಕದಲದೆ ನಿಲ್ಲುತ್ತಾನೆ. ಆಮೇಲೆ ದೊಡ್ಡ ಶಬ್ದ. ಹಿಲ್ದೊ ಬೆನ್ನ ಮೇಲೆ ಜಾರುತ್ತಾ ಹೋಗಿ ಕ್ಯಾಮೆರಾದವರ ಕಾಲಬುಡದಲ್ಲಿ ನಿಂತಾಗ ರೆಫರಿ ಸೀಟಿ ಊದಿ, ತಪ್ಪು ಗೂಳಿಯದು ಎಂದು ಕೈ ತೋರಿಸುತ್ತಾನೆ. ಚೆಂಡು ಹಿಲ್ದೊನ ತಂಡಕ್ಕೆ. ಇಷ್ಟೇ ಅವನ ವಿದ್ಯೆ. ಈ ವಿದ್ಯೆಗೆ ಅವನು ಕಟ್ಟಿದ ಶುಲ್ಕ ಮುಂದಿನ ಹಲ್ಲುಗಳು ಮತ್ತು ಒಂದು ಪಕ್ಕೆಲುಬು.

ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಲಿಯೊವಿಹಿಲ್ದೊ ಬುಗಾರಿನ್. ಅಷ್ಟುದ್ದ ಕರೆಯುವವರು ಇಬ್ಬರೇ: ಸಿಟ್ಟು ಬಂದಾಗ ಅವನ ತಾಯಿ ಪೂರಿಂಗಮ್ಮ, ಸಿಟ್ಟು ಬರದಿದ್ದಾಗಲೂ ಸಿಸ್ಟರ್ ಪೆರ್ಪೆತುವಾ. ಅವನನ್ನೂ ನನ್ನನ್ನೂ ಓದಿಸಿದ ಕಾನ್ವೆಂಟಿನ ಅಂಗಳದಲ್ಲಿ ಆಟದ ಬೆಲ್ಲು ಹೊಡೆದಾಗ ಸಿಸ್ಟರ್ ಬಂದು, "ಮಕ್ಕಳೇ, ಯಾರನ್ನೂ ದೂಡಬೇಡಿ. ದೂಡಿದರೆ ಸಹಿಸಿಕೊಳ್ಳಿ" ಎನ್ನುತ್ತಿದ್ದರು. ಉಳಿದ ನಮಗೆಲ್ಲ ಅದು ಧರ್ಮೋಪದೇಶವಾಯಿತು, ಹಾಗಾಗಿ ಮರೆತೆವು. ಹಿಲ್ದೊಗೆ ಅದೇ ಕಸುಬಾಯಿತು.

ನಮ್ಮಲ್ಲಿ ತಂಡಗಳಿಗೆ ಊರಿನ ಹೆಸರಿಲ್ಲ, ಕಂಪನಿಯ ಹೆಸರು. ಒಂದು ತಂಡ ಬಿಯರಿನದು, ಒಂದು ಸಿಮೆಂಟಿನದು, ಒಂದು ಶಾಂಪೂವಿನದು. ಹಿಲ್ದೊ ಹತ್ತು ವರ್ಷಕ್ಕೂ ಮಿಕ್ಕಿ ಬಿದ್ದದ್ದೆಲ್ಲ ತಾಲಾ ಎಂಬ ಡಬ್ಬಿ ಬೂತಾಯಿ ಮೀನಿನ ಕಂಪನಿಗಾಗಿ. ನಮ್ಮೂರು ನವೋತಾಸಿನಲ್ಲಿ ಅರ್ಧ ಬೀದಿ ಬಂದರಿನಲ್ಲಿ ಮೀನು ಇಳಿಸುತ್ತದೆ, ಉಳಿದರ್ಧ ಅದನ್ನು ಡಬ್ಬಿಗೆ ತುಂಬುತ್ತದೆ. ಹಿಲ್ದೊನ ಹೆಂಡತಿ ಮಿರಾಫ್ಲೋರ್ ಕೂಡ ಮದುವೆಗೆ ಮುಂಚೆ ತಾಲಾದಲ್ಲಿ ಡಬ್ಬಿಗೆ ಮುಚ್ಚಳ ಹಾಕುವ ಕಡೆ ಇದ್ದವಳು. ಅದಕ್ಕೇ ಅವಳ ಮುಂದೆ ಯಾರೂ ಹೆಚ್ಚು ಬಾಯಿ ತೆರೆಯುವುದಿಲ್ಲ. ತಾಲಾ ಗೆದ್ದರೆ ಬೀದಿಗೆ ಹಬ್ಬ, ಸೋತರೆ ಬೀದಿಗೆ ಅಜೀರ್ಣ. ಒಂದು ವರ್ಷ ಆಟಗಾರರ ಮುಖಗಳನ್ನು ಡಬ್ಬಿಯ ಮೇಲೆ ಅಚ್ಚು ಹಾಕಿಸಿದಾಗ ಹಿಲ್ದೊನ ಮುಖ ಖಾರದ ಡಬ್ಬಿಗೆ ಬಂತು. ಪೂರಿಂಗಮ್ಮ ತಮ್ಮ ಚಿಲ್ಲರೆ ಅಂಗಡಿಯಲ್ಲಿ ಅವನ್ನೆಲ್ಲ ಗೋಪುರವಾಗಿ ಪೇರಿಸಿಟ್ಟು, ಕೇಳಿದವರಿಗೆ ಕೊಡದೆ, "ಸಪ್ಪೆದು ತಗೊಂಡ್ಹೋಗು, ಅದ್ರಲ್ಲಿ ಬೇರೆ ಯಾರೋ ಇದಾನೆ" ಎನ್ನುತ್ತಿದ್ದರು.

ಹಿಲ್ದೊಗೆ ಇದ್ದದ್ದು ಒಂದೇ ಆಸೆ. ವಯಸ್ಸು ಮೂವತ್ತೈದರ ಹತ್ತಿರ ಬಂದಿತ್ತು. ಎದ್ದು ನಿಂತರೆ ಮಂಡಿಯಲ್ಲಿ ಬಾಗಿಲು ತೆರೆದ ಸದ್ದು. ಇನ್ನೊಂದೆರಡು ವರ್ಷ ಹೇಗೋ ತಳ್ಳಿ, ತಾಲಾ ಅಂಗಿಯಲ್ಲೇ ಕಡೆಯ ಸಲ ಬಿದ್ದು, ತಾಲಾ ಅಂಗಿಯಲ್ಲೇ ಎದ್ದು ಮನೆಗೆ ಬರಬೇಕು. ಬೇರೆ ಯಾವ ಅಂಗಿಯೂ ಬೇಡ. ಇದನ್ನು ಅವನು ನನಗೆ ಹೇಳಿದ್ದ, ಮಿರಾಗೆ ಹೇಳಿದ್ದ, ಕ್ಷೌರದಂಗಡಿಯಲ್ಲಿ ಹೇಳಿದ್ದ. ಹೇಳಬೇಕಾದ ಒಬ್ಬನಿಗೆ ಮಾತ್ರ ಹೇಳಲಿಲ್ಲ. ಅದೇ ಈ ಕತೆ.

ಹಿಲ್ದೊನಲ್ಲಿ ಒಂದು ಗುಣವಿತ್ತು. ಅವನೊಬ್ಬನದಲ್ಲ, ನಮ್ಮೆಲ್ಲರದೂ ಹೌದು, ಅವನಲ್ಲಿ ಸ್ವಲ್ಪ ಹೆಚ್ಚು. ಹತ್ತಿರದವರು ನೋಯಿಸಿದರೆ ನಾವು ಜಗಳಕ್ಕೆ ಹೋಗುವುದಿಲ್ಲ, ಸುಮ್ಮನಾಗಿಬಿಡುತ್ತೇವೆ. ಮಾತು ಕಮ್ಮಿ, ಊಟ ಕಮ್ಮಿ, ಕೇಳಿದರೆ "ಏನಿಲ್ಲ". ನೋಯಿಸಿದವರು ತಾವಾಗಿ ಬಂದು ಒಂದಕ್ಕೆರಡು ಸಲ ರಮಿಸಬೇಕು. ಅಲ್ಲಿಯವರೆಗೆ ಬೇಡ ಎಂಬುದೇ ಉತ್ತರ. ಇದಕ್ಕೆ ನಮ್ಮಲ್ಲಿ ತಾಂಪೋ ಎನ್ನುತ್ತಾರೆ. ಹೆಸರಿನಲ್ಲಿ ತಂಪಿದೆ ಎಂದು ಮೋಸಹೋಗಬಾರದು, ಒಳಗೆಲ್ಲ ಕೆಂಡ. ಸಿಟ್ಟನ್ನು ಯಾರ ಮೇಲೆ ಬೇಕಾದರೂ ಮಾಡಬಹುದು, ಈ ಮುನಿಸನ್ನು ಬೇಕಾದವರ ಮೇಲೆ ಮಾತ್ರ ಮಾಡಲು ಸಾಧ್ಯ.

ಹಳೆಯ ಕೋಚ್ ಏಮಾಂಗ್‌ಗೆ ಇದು ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತು. ಪ್ರತಿ ವರ್ಷದ ಆಟದ ಋತುವಿನಲ್ಲೂ ಒಮ್ಮೆ, ಆಟಕ್ಕೆ ಇಳಿಸಲಿಲ್ಲ ಎಂದೋ, ಟೀವಿ ಸಂದರ್ಶನಕ್ಕೆ ಕರೆಯಲಿಲ್ಲ ಎಂದೋ, ಹಿಲ್ದೊ ಹೋಗಿ, "ಕೋಚ್, ನನ್ನ ಟ್ರೇಡ್ ಮಾಡ್ಬಿಡಿ. ಬೇರೆ ತಂಡಕ್ಕೆ ಕಳಿಸ್ಬಿಡಿ" ಎನ್ನುವನು. ಏಮಾಂಗ್ ತಲೆ ಕೂಡ ಎತ್ತದೆ, "ಆಯ್ತು, ಕಳಿಸೋಣ" ಎನ್ನುವರು. ಮಾರನೆಯ ದಿನ ಬಿಸಿ ಪಾನ್ಸಿತ್ ಶ್ಯಾವಿಗೆಯ ಪೊಟ್ಟಣ ಹಿಡಿದು ನಮ್ಮ ಬೀದಿಗೆ ಬರುವರು.

"ಯಾಕೋ ಮಗನೆ, ನನ್ನ ಬಿಟ್ಟು ಹೋಗ್ತೀಯಾ?"

"ಹೋಗ್ತೀನಿ."

"ಹೋಗಿ ಏನ್ ಮಾಡ್ತೀಯಾ? ಶಾಂಪೂ ತಂಡಕ್ಕೆ ಹೋದ್ರೆ ನಿನ್ನ ತಲೆ ನೋಡಿ ಅವರ ವ್ಯಾಪಾರವೇ ಮುಳುಗಿ ಹೋಗುತ್ತೆ. ಬಾ, ತಿನ್ನು."

"ನಂಗೆ ಹಸಿವಿಲ್ಲ."

"ನಂಗಿದೆ. ನಿನ್ನ ಬಿಟ್ಟು ಹ್ಯಾಗ್ ತಿನ್ಲಿ? ಬಾರೋ."

ಅಷ್ಟಾದ ಮೇಲೆ ಹಿಲ್ದೊ ತಿನ್ನುತ್ತಿದ್ದ, ಏಮಾಂಗ್‌ಗಿಂತ ಹೆಚ್ಚೇ ತಿನ್ನುತ್ತಿದ್ದ. ಟ್ರೇಡಿನ ಮಾತು ಮುಂದಿನ ಋತುವಿಗೆ. ನೆಗಡಿಯಂತೆ ವರ್ಷಕ್ಕೊಮ್ಮೆ ಬಂದು ಹೋಗುವ ವಿಷಯ, ಯಾರೂ ಔಷಧಿ ಹುಡುಕಿರಲಿಲ್ಲ.

ಆಮೇಲೆ ಏಮಾಂಗ್‌ಗೆ ಹೃದಯದ ತೊಂದರೆ ಕಾಣಿಸಿ, ಡಾಕ್ಟರು ಬೆಂಚಿನ ಪಕ್ಕ ನಿಂತು ಕೂಗುವುದನ್ನು ಬಿಡಿಸಿದರು. ಆ ಜಾಗಕ್ಕೆ ಕಂಪನಿಯವರು ಟ್ರೆವರ್ ಲಕ್ಸಮಾನಾ ಎಂಬ ಹೊಸಬನನ್ನು ತಂದರು. ಅಪ್ಪ ಅಮ್ಮ ನಮ್ಮವರೇ, ಹುಟ್ಟಿ ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಒಳ್ಳೆಯ ಮನುಷ್ಯ, ಅದನ್ನು ಮೊದಲೇ ಹೇಳಿಬಿಡಬೇಕು. ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಸಮಯಕ್ಕೆ ಮುಂಚೆ ಬರುವವನು, ಯಾರ ಮೇಲೂ ಕೂಗದವನು, ಬಿಳಿ ಹಲಗೆಯ ಮೇಲೆ ಸದಾ ಗೆರೆ ಎಳೆಯುವವನು. ಲಕ್ಸಮಾನಾ ಎಂಬ ಹೆಸರಿಟ್ಟುಕೊಂಡ ಮೇಲೆ ಗೆರೆ ಎಳೆಯದೆ ಹೇಗಿರುತ್ತಾನೆ? ನಮ್ಮ ಭಾಷೆಯನ್ನು ಅಡುಗೆಮನೆಯಲ್ಲಿ ಅಜ್ಜಿಯ ಬಾಯಿಂದ ಕಲಿತವನಾದ್ದರಿಂದ ಹಿರಿಯರಿಗೂ ಕಿರಿಯರಿಗೂ ಒಂದೇ ಏಕವಚನ. ಕಂಪನಿಯ ಮಾಲೀಕರಿಗೇ ಮೊದಲ ದಿನ, "ನೀನು ಚೆನ್ನಾಗಿದ್ದೀಯಾ?" ಎಂದನಂತೆ. ಮಾಲೀಕರು ಚೆನ್ನಾಗಿಯೇ ಇದ್ದರು, ಅದನ್ನು ಕೇಳುವವರೆಗೆ.

ಹೊಸ ಕೋಚ್‌ನ ಲೆಕ್ಕಾಚಾರದಲ್ಲಿ ಓಡುವವರಿಗೆ ಜಾಗವಿತ್ತು, ದೂರದಿಂದ ಎಸೆಯುವವರಿಗೆ ಜಾಗವಿತ್ತು, ಬೀಳುವವನಿಗೆ ಬೆಂಚಿತ್ತು. ಹಿಲ್ದೊ ಒಂದು ಪಂದ್ಯ ಕೂತ, ಇನ್ನೊಂದು ಕೂತ, ಆಮೇಲೆ ಕೂತದ್ದನ್ನು ಎಣಿಸುವುದನ್ನು ಬಿಟ್ಟ. ಬೆವರು ಒರೆಸುವ ಟವೆಲನ್ನು ಒಣಗಿದ್ದ ಹಾಗೇ ಮಡಿಸಿ ಮನೆಗೆ ತರುತ್ತಿದ್ದ. ಪೂರಿಂಗಮ್ಮ ಅದನ್ನು ಮೂಸಿ ನೋಡಿ, "ಇವತ್ತೂ ಒಗೆಯೋ ಹಾಗಿಲ್ಲ" ಎಂದು ನಿಟ್ಟುಸಿರು ಬಿಡುತ್ತಿದ್ದರು.

ಬಿಯರ್ ತಂಡದ ಎದುರು ಸೋತ ದಿನ ಹಿಲ್ದೊಗೆ ತಡೆಯಲಾಗಲಿಲ್ಲ. ಆ ದಿನ ಎದುರಿನ ಗೂಳಿ ಹತ್ತಾರು ಸಲ ನುಗ್ಗಿದ, ಅಡ್ಡ ನಿಲ್ಲುವವರು ಯಾರೂ ಇರಲಿಲ್ಲ, ನಿಲ್ಲಬಲ್ಲವನು ಬೆಂಚಿನ ಮೇಲೆ ಉಗುರು ಕಚ್ಚುತ್ತಿದ್ದ. ಪಂದ್ಯ ಮುಗಿದ ಮೇಲೆ ಅವನು ಕೋಚ್‌ನ ಮುಂದೆ ಹೋಗಿ ನಿಂತ.

"ಕೋಚ್, ನಾನು ನಿಮಗೆ ಬೇಡವಾದ್ರೆ ಟ್ರೇಡ್ ಮಾಡ್ಬಿಡಿ."

ಲಕ್ಸಮಾನಾ ಗೆರೆ ಎಳೆಯುವುದನ್ನು ನಿಲ್ಲಿಸಿ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. "ಇದು ನಿಜವಾಗ್ಲೂ ನಿನ್ನ ಇಷ್ಟಾನಾ?"

"ಹೂಂ."

"ಸರಿ. ನೇರವಾಗಿ ಬಂದು ಹೇಳಿದೆಯಲ್ಲ, ಥ್ಯಾಂಕ್ಸ್. ನನಗೆ ನೇರ ಮಾತು ಇಷ್ಟ."

ಹಿಲ್ದೊ ಖುಷಿಯಾಗಿ ಮನೆಗೆ ಬಂದ. ಅವನ ಪ್ರಕಾರ ಮುನಿಸು ಮುಟ್ಟಬೇಕಾದಲ್ಲಿ ಮುಟ್ಟಿತ್ತು. ಇನ್ನು ಪಾನ್ಸಿತ್ ಬರುವುದೊಂದೇ ಬಾಕಿ.

ಪಾನ್ಸಿತ್ ಬರಲಿಲ್ಲ. ಮರುದಿನ ಅವನು ಮಂಡಿ ನೋವೆಂದು ಅಭ್ಯಾಸಕ್ಕೆ ಹೋಗದೆ ಬಾಗಿಲ ಎದುರಿಗೇ ಕುರ್ಚಿ ಹಾಕಿ ಕೂತ. ಅದರ ಮರುದಿನವೂ ಕೂತ. ತಂಡದ ಹುಡುಗರು ಫೋನಿನಲ್ಲಿ, "ಕೂಯಾ, ಯಾವಾಗ ಬರ್ತೀರಣ್ಣ?" ಎಂದು ಕೇಳಿದರು. ಅದು ಲೆಕ್ಕಕ್ಕಿಲ್ಲ. ನೋಯಿಸಿದವನೇ ಬಂದು ಕೇಳಬೇಕು. ಬೀದಿಯಲ್ಲಿ ಮೀನಿನ ಬುಟ್ಟಿ ಹೊತ್ತು ಹೋಗುವವರು, "ಏನ್ ಹಿಲ್ದೊ, ಬಂದ್ರಾ?" ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಹೆಣ್ಣು ನೋಡಲು ಬರುವವರನ್ನು ಕಾಯುವ ಮನೆಯಂತಾಗಿತ್ತು ಅದು.

ಭಾನುವಾರ ನಾವು ಚರ್ಚಿನ ಪೂಜೆ ಮುಗಿಸಿ ಬಂದಾಗ ಲಕ್ಸಮಾನಾ ಬಂದೇಬಿಟ್ಟ. ನಮ್ಮ ಬೀದಿಗೆ ಕಾರು ಬರುವುದೆಂದರೆ ಡಬ್ಬಿಯೊಳಗೆ ತಿಮಿಂಗಿಲ ಬಂದ ಹಾಗೆ. ಎರಡೂ ಕಡೆಯ ಮನೆಗಳವರು ಒಗೆದ ಬಟ್ಟೆ ಎತ್ತಿ ಹಿಡಿದು ಅದನ್ನು ಒಳಗೆ ಬಿಟ್ಟುಕೊಂಡರು. ಹಿಲ್ದೊನ ಮಗಳಿಗೆ ನಾನು ಧರ್ಮಪಿತ, ಹಾಗಾಗಿ ನಾವಿಬ್ಬರೂ ಒಬ್ಬರಿಗೊಬ್ಬರು 'ಪಾರೆ'. ಆ ಸಲುಗೆಯ ಮೇಲೆ ನಾನು ಕರೆಯದೆಯೂ ಒಳಗೆ ಬಂದು ಕೂತಿದ್ದೆ. ಹಿಲ್ದೊ ತಟ್ಟನೆ ಎದ್ದು ಒಳಕೋಣೆಗೆ ಹೋಗಿ, ಇದ್ದಷ್ಟು ಕೂದಲು ಬಾಚಿಕೊಂಡು, ಮುಖ ಗಂಟಿಕ್ಕಿಕೊಂಡು ಹೊರಬಂದ.

ಪೂರಿಂಗಮ್ಮ ಮರ್ಯಾದೆಗೆ ಕರೆದರು. "ಬನ್ನಿ ಕೋಚ್, ಊಟ ಮಾಡಿ."

ನಮ್ಮಲ್ಲಿ ಇದಕ್ಕೆ ಉತ್ತರ ಎಲ್ಲರಿಗೂ ಗೊತ್ತು. "ಅಯ್ಯೋ, ಈಗ ತಾನೇ ಆಯ್ತು." ಆಮೇಲೆ ಇವರು ಒತ್ತಾಯ ಮಾಡಬೇಕು, ಅವರು ಬೇಡವೆನ್ನಬೇಕು, ಕಡೆಗೆ ಒಂದು ತುಂಡು ಏನಾದರೂ ಬಾಯಿಗೆ ಹಾಕಿಕೊಳ್ಳಬೇಕು. ಲಕ್ಸಮಾನಾ "ಓ, ಖಂಡಿತ!" ಎಂದು ಕುರ್ಚಿ ಎಳೆದು ಕೂತುಬಿಟ್ಟ. ಮನೆಯವರಿಗೆಂದು ಹುರಿದಿದ್ದ ಬಾಂಗುಸ್ ಮೀನಿನ ನಡುಭಾಗವನ್ನೇ ಎತ್ತಿಕೊಂಡ. ಪೂರಿಂಗಮ್ಮನ ಕಣ್ಣು ಮೀನಿನ ಕಣ್ಣಿನಷ್ಟಾಯಿತು. ಒಂದೇ ಕರೆಗೆ ಬಂದು ಕೂರುವವನು ಒಂದೇ ನಿರಾಕರಣೆಗೆ ಎದ್ದು ಹೋಗದಿರುತ್ತಾನೆಯೆ?

"ತುಂಬಾ ಚೆನ್ನಾಗಿದೆ," ಎಂದ ಲಕ್ಸಮಾನಾ. "ನೀನೇ ಮಾಡಿದ್ದಾ?"

"ನಾನೇ ಮಾಡಿದ್ದಪ್ಪಾ, ನೀನೇ ತಿಂದದ್ದು," ಎಂದು ಪೂರಿಂಗಮ್ಮ ಏಕವಚನವನ್ನು ಹಿಂದಿರುಗಿಸಿ ಅಡುಗೆಮನೆಗೆ ಇನ್ನೊಂದು ಮೀನು ಹುರಿಯಲು ಹೋದರು.

ತಟ್ಟೆ ಖಾಲಿಯಾದ ಮೇಲೆ ಲಕ್ಸಮಾನಾ ಕೈ ಒರೆಸಿಕೊಂಡು ಹಿಲ್ದೊನ ಕಡೆ ತಿರುಗಿದ. "ನೋಡು ಹಿಲ್ದೊ, ಮೋಹೋನ್ ಪೇಂಟ್ಸ್‌ನವರು ನಿನ್ನ ತಗೋತೀವಿ ಅಂದಿದ್ದಾರೆ. ಮ್ಯಾನೇಜರ್ ನಾಳೆ ಬೆಳಿಗ್ಗೆ ಲೀಗ್ ಕಚೇರಿಗೆ ತಿಳಿಸ್ತಾರೆ. ತಿಳಿಸಿದ ಮೇಲೆ ನಾನು ಏನೂ ಮಾಡಕ್ಕಾಗಲ್ಲ. ಅದಕ್ಕೇ ನಾನೇ ಬಂದೆ. ನಿಂಗೆ ಇಲ್ಲೇ ಇರ್ಬೇಕು ಅಂತ ಇದ್ರೆ ಹೇಳು. ಈಗಲೇ ನಿಲ್ಲಿಸ್ತೀನಿ. ಇರ್ತೀಯಾ?"

ಅಡುಗೆಮನೆಯಲ್ಲಿ ಎಣ್ಣೆ ಚಟಪಟ ಎನ್ನುತ್ತಿತ್ತು. ಕಿಟಕಿಯಲ್ಲಿ ಅರ್ಧ ಬೀದಿ ಇಣುಕುತ್ತಿತ್ತು. ಹಿಲ್ದೊ ತನ್ನ ಕಾಲಿನ ಹೆಬ್ಬೆರಳನ್ನು ಯಾರದೋ ಹೆಬ್ಬೆರಳೆಂಬಂತೆ ನೋಡುತ್ತಾ ಕೂತಿದ್ದ. ಅವನ ಕಿವಿ ಕೆಂಪಾಗಿತ್ತು. ಅದು ಸಂತೋಷದ ಕೆಂಪು, ನನಗೆ ಗೊತ್ತು, ಚಿಕ್ಕಂದಿನಿಂದ ನೋಡಿದ್ದೇನೆ. ಕಡೆಗೂ ಬಂದು ಕೇಳಿದ್ದ.

"ನಿಮ್ಮಿಷ್ಟ ಕೋಚ್," ಎಂದ ಹಿಲ್ದೊ.

"ನನ್ನಿಷ್ಟ ಅಲ್ಲ. ನಿನ್ನಿಷ್ಟ ಕೇಳ್ತಿದ್ದೀನಿ."

"ನನ್ನಂಥವನು ಇದ್ರೂ ಒಂದೇ, ಹೋದ್ರೂ ಒಂದೇ. ಹೋಗ್ತೀನಿ ಬಿಡಿ."

ಮಿರಾ ಕಣ್ಣು ಮುಚ್ಚಿಕೊಂಡಳು. ನಾವೆಲ್ಲ ಮುಂದಿನ ಮಾತಿಗೆ ಕಾದೆವು. ಯಾವ ಮಾತೆಂದು ಕಿಟಕಿಯ ಹೊರಗಿದ್ದ ಮೀನುಗಾರ್ತಿಯೂ ಹೇಳಬಲ್ಲಳು: "ಏನಪ್ಪಾ ಹಾಗಂತೀಯಾ, ನೀನಿಲ್ದೆ ತಂಡ ಉಂಟಾ?" ಅಷ್ಟೇ ಸಾಕಿತ್ತು. ಅಷ್ಟನ್ನೂ ಅನ್ನಬೇಕಿರಲಿಲ್ಲ, ಸುಮ್ಮನೆ "ಹಿಲ್ದೊ..." ಎಂದು ರಾಗ ಎಳೆದಿದ್ದರೂ ನಡೆಯುತ್ತಿತ್ತು.

ಲಕ್ಸಮಾನಾ ಗಂಭೀರವಾಗಿ ತಲೆಯಾಡಿಸಿದ. "ಸರಿ. ನಿನ್ನ ನಿರ್ಧಾರವನ್ನ ನಾನು ಗೌರವಿಸ್ತೀನಿ."

ಗೌರವ! ಆ ಮನೆಯಲ್ಲಿ ಗೌರವ ಯಾರಿಗೆ ಬೇಕಿತ್ತು?

"ಕೋಚ್, ಇನ್ನೊಂದು ಚೂರು ಅನ್ನ?" ಎಂದು ಮಿರಾ ಅವನನ್ನು ಹಿಡಿದು ಕೂರಿಸಲು ನೋಡಿದಳು. ತಿನ್ನುತ್ತಾ ಕೂತರೆ ಇನ್ನೊಮ್ಮೆ ಕೇಳಿಯಾನು ಎಂಬ ದೂರದ ಆಸೆ. ಅವನು ಹೊಟ್ಟೆ ಸವರಿಕೊಂಡು, ತುಂಬಿತು ಎಂದು ಎದ್ದ. ನಾನೇ ಬಾಯಿ ಹಾಕಬಹುದಿತ್ತಲ್ಲ ಎಂದು ಆಮೇಲೆ ಹಲವರು ಕೇಳಿದರು. ಹಾಕುವ ಹಾಗಿಲ್ಲ. ಮುನಿಸಿಕೊಂಡವನ ಪರವಾಗಿ ಇನ್ನೊಬ್ಬ ಹೇಳಿದರೆ ಅದು ಶಿಫಾರಸು. ಹಿಲ್ದೊ ನನ್ನ ಜೊತೆ ಸಾಯುವವರೆಗೆ ಮಾತಾಡುತ್ತಿರಲಿಲ್ಲ.

ಲಕ್ಸಮಾನಾ ಎಲ್ಲರಿಗೂ ಕೈಕುಲುಕಿ ಹೊರಟ. ಬಾಗಿಲು ದಾಟಿದ. ಹಿಲ್ದೊ ಹೆಬ್ಬೆರಳನ್ನು ಬಿಟ್ಟು ತಲೆ ಎತ್ತಿದ. ಆಗ, ಸಂತರೆಲ್ಲ ಒಟ್ಟಿಗೆ ಕಣ್ಣು ಬಿಟ್ಟರೋ ಎಂಬಂತೆ, ಲಕ್ಸಮಾನಾ ತಿರುಗಿ ಒಳಗೆ ಬಂದ. ಮಿರಾ ನನ್ನ ತೋಳು ಹಿಡಿದಳು. ಪೂರಿಂಗಮ್ಮ ಸೌಟು ಹಿಡಿದು ಅಡುಗೆಮನೆಯಿಂದ ಓಡಿ ಬಂದರು.

"ಹಿಲ್ದೊ," ಎಂದ ಕೋಚ್.

"ಏನು ಕೋಚ್?" ಹಿಲ್ದೊನ ದನಿ ಆಗಲೇ ಅರ್ಧ ಕರಗಿತ್ತು.

"ಈ ಬೀದಿಯಲ್ಲಿ ಕಾರು ಹೇಗೆ ತಿರುಗಿಸೋದು?"

ತಿರುಗಿಸುವುದಕ್ಕೆ ಜಾಗವಿಲ್ಲ. ಬೀದಿಯ ಕೊನೆಯಲ್ಲಿ ವಿದ್ಯುತ್ ಕಂಬಕ್ಕೆ ಕಟ್ಟಿದ ಬಾಸ್ಕೆಟ್ ರಿಂಗು, ಅದರ ಕೆಳಗೆ ಸಾಲಾಗಿ ಮೂರುಚಕ್ರದ ಬಂಡಿಗಳು. ಹಿಂದಕ್ಕೇ ಹೋಗಬೇಕು. ಹಿಲ್ದೊ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ, ಕಾರಿನ ಹಿಂದೆ ನಿಂತು, "ಬರ್ಲಿ, ಬರ್ಲಿ, ಎಡಕ್ಕೆ, ಇನ್ನೂ ಬರ್ಲಿ" ಎಂದು ಕೈ ಬೀಸುತ್ತಾ, ತನ್ನನ್ನು ಕಳುಹಿಸಿಕೊಡುವವನನ್ನು ಒಂದು ಗೀರೂ ಬೀಳದಂತೆ ಮುಖ್ಯರಸ್ತೆಯವರೆಗೆ ಕಳುಹಿಸಿಕೊಟ್ಟ. ಅಷ್ಟು ದೂರ ಹಿಂದೆ ಸರಿದರೂ ಆ ಮನುಷ್ಯನ ಬಾಯಿಂದ ಇನ್ನೊಂದು ಮಾತು ಬರಲಿಲ್ಲ, ಕಿಟಕಿಯಿಂದ ಒಂದು ಹೆಬ್ಬೆರಳು ಮಾತ್ರ ಮೇಲೆ ಬಂತು.

ಒಳಗೆ ಬಂದಾಗ ಮಿರಾ ಕಾದಿದ್ದಳು.

"ಇರ್ತೀಯಾ ಅಂತ ಕೇಳಿದ್ನಲ್ಲ, ಇರ್ತೀನಿ ಅನ್ನಕ್ಕೆ ನಿನ್ನ ನಾಲಿಗೆಗೆ ಏನಾಗಿತ್ತು?"

"ಒಂದೇ ಸಲ ಕೇಳಿದ."

"ಒಂದು ಸಲ ಸಾಲ್ದಾ?"

"ನೀನು ಸಾಕು ಅಂದಿದ್ಯಾ? ಮದುವೆಗೆ ಒಪ್ಕೊಳ್ಳಕ್ಕೆ ನನ್ನ ಎಷ್ಟು ಸಲ ಕೇಳಿಸ್ದೆ? ನಿಮ್ಮಪ್ಪನ ಮನೆಗೆ ನೀರು ಹೊತ್ತೂ ಹೊತ್ತೂ ನನ್ನ ಭುಜ ಇವತ್ತಿಗೂ ಓರೆ ಇದೆ."

"ಅದು ಮದುವೆ. ಇದು ಕೆಲಸ."

"ನಂಗೆ ಎರಡೂ ಒಂದೇ," ಎಂದ ಹಿಲ್ದೊ. ಮಿರಾ ಹೆಮ್ಮೆಪಡಬೇಕೋ ಪಾತ್ರೆ ಎಸೆಯಬೇಕೋ ಎಂಬಂತೆ ನಿಂತಳು. "ಫೋನ್ ಮಾಡು. ಈಗಲೇ ಮಾಡು. ನಾಳೆ ಬೆಳಿಗ್ಗೆವರೆಗೂ ಸಮಯ ಇದೆ."

"ನಾನ್ಯಾಕೆ ಮಾಡ್ಲಿ? ಅವನು ಮಾಡ್ಲಿ."

"ಅವನು ಮಾಡಲ್ಲ ಕಣೋ. ಅವನಿಗೆ ಗೊತ್ತಾಗಲ್ಲ. ಅಮ್ಮ ಒಂದು ಮಾತು ಊಟಕ್ಕೆ ಕರೆದ್ರೆ ಅರ್ಧ ಮೀನು ತಿಂದು ಹೋದೋನು ಅವನು!"

"ಹಾಗಾದ್ರೆ ಹೋಗ್ಲಿ. ನಾನು ಕಾಲಿಗೆ ಬೀಳ್ಬೇಕಾ?"

"ಎಲ್ಲರ ಕಾಲಡಿಗೂ ಬಿದ್ದೇ ತಾನೆ ಈ ಮನೆ ಕಟ್ಟಿದ್ದು?" ಎಂದಳು ಮಿರಾ. ಮುಚ್ಚಳ ಬಿತ್ತು.

ಸೋಮವಾರ ಬೆಳಿಗ್ಗೆ ಫೋನನ್ನು ಊಟದ ಮೇಜಿನ ನಡುವೆ ಇಟ್ಟು ಅದರ ಎದುರು ಕೂತಿದ್ದ. ಬೀದಿಗೆ ಬೀದಿಯೇ ಮೆಲ್ಲಗೆ ಉಸಿರಾಡುತ್ತಿತ್ತು. ಫೋನು ಒಮ್ಮೆ ಬಡಿದುಕೊಂಡಿತು, ಮಿರಾಳ ತಂಗಿ ಇಸ್ತ್ರಿಪೆಟ್ಟಿಗೆ ಕೇಳಿದಳು. ಇನ್ನೊಮ್ಮೆ ಬಡಿದುಕೊಂಡಿತು, ಯಾರೋ ವಿಮೆ ಮಾಡಿಸಿ ಎಂದರು. "ಈಗ ಮಾಡಿಸಿ ಏನ್ ಉಪಯೋಗ?" ಎಂದು ಹಿಲ್ದೊ ಅವರ ಮೇಲೆ ಕೂಗಾಡಿದ. ಒಂದೆರಡು ಸಲ ತಾನೇ ಫೋನ್ ಕೈಗೆತ್ತಿಕೊಂಡು ಕೋಚ್‌ನ ಹೆಸರಿನವರೆಗೂ ಬೆರಳು ಒಯ್ದಿದ್ದನ್ನು ನಾನು ನೋಡಿದೆ. ಬೆರಳು ಅಲ್ಲಿ ನಿಂತು, ಗೂಳಿ ಎದುರಿಗೆ ಬರುತ್ತಿದೆಯೇನೋ ಎಂಬಂತೆ ಕದಲದೆ ನಿಂತು, ಮತ್ತೆ ಹಿಂದೆ ಬಂತು.

ಊಟದ ಹೊತ್ತಿಗೆ ಮ್ಯಾನೇಜರ್ ಫೋನ್ ಮಾಡಿ, ಆಯಿತು ಎಂದರು. ಮೋಹೋನ್ ಪೇಂಟ್ಸ್ ತಂಡಕ್ಕೆ ಹಿಲ್ದೊ. ಹಿಲ್ದೊನ ಬದಲಿಗೆ ತಾಲಾಗೆ ಬಂದದ್ದು ಆಟಗಾರನಲ್ಲ. ಮುಂದೆಂದೋ ನಡೆಯುವ ಹೊಸಬರ ಆಯ್ಕೆಯಲ್ಲಿ ಒಬ್ಬನನ್ನು ಆರಿಸಿಕೊಳ್ಳುವ ಹಕ್ಕು.

"ಯಾರನ್ನ?" ಎಂದ ಹಿಲ್ದೊ.

"ಅದಿನ್ನೂ ಗೊತ್ತಿಲ್ಲ. ಆಯ್ಕೆ ಆಗೋವಾಗ ನೋಡ್ಬೇಕು."

ಫೋನ್ ಇಟ್ಟು ಹಿಲ್ದೊ ನನ್ನ ಕಡೆ ತಿರುಗಿದ. "ಪಾರೆ, ಒಬ್ಬ ಮನುಷ್ಯನಿಗಾದ್ರೂ ಬದಲಾಯಿಸಿದ್ರೆ ಒಂದು ಮರ್ಯಾದೆ ಇರ್ತಿತ್ತು. ಕುಂಟನೋ ಕುರುಡನೋ, ಯಾರೋ ಒಬ್ಬ. ನನ್ನ ಬದಲಿಗೆ ಬರೋನು ಈಗ ಯಾವ ಸ್ಕೂಲಲ್ಲಿ ಹೋಂವರ್ಕ್ ಮಾಡ್ತಿದ್ದಾನೋ. ಫೇಲಾಗಿಬಿಟ್ರೆ?"

ಅಡುಗೆಮನೆಯಿಂದ ಪೂರಿಂಗಮ್ಮ, "ಪೇಂಟ್ ಅಂದ್ರೆ ಯಾವ ಬಣ್ಣದ ಅಂಗಿ?" ಎಂದರು. ಹಳದಿ ಎಂದು ಎಲ್ಲರಿಗೂ ಗೊತ್ತಿತ್ತು. ಹಿಲ್ದೊಗೆ ಹಳದಿ ಹಾಕಿದರೆ ಕಾಮಾಲೆ ಬಂದವನಂತೆ ಕಾಣುತ್ತಾನೆ ಎಂಬುದೂ ಗೊತ್ತಿತ್ತು.

ಮಾರನೆಯ ದಿನ ಅವನು ತಾಲಾದ ಅಭ್ಯಾಸದ ಅಂಗಳಕ್ಕೆ ಹೋಗಿ ತನ್ನ ಬೂಟು, ಮಂಡಿಗೆ ಕಟ್ಟುವ ಪಟ್ಟಿ, ಗೋಡೆಗೆ ಅಂಟಿಸಿದ್ದ ಪುಟ್ಟ ಮೇರಿ ಮಾತೆಯ ಚಿತ್ರ, ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡ. ಜೊತೆಗೆ ನಾನಿದ್ದೆ. ಪೇಂಟ್ ಕಂಪನಿಯವರ ವ್ಯಾನು ಹೊರಗೆ ನಿಂತಿತ್ತು. ಅಂದೇ ಅಲ್ಲಿ ಅಭ್ಯಾಸ. ತಂಡದ ಹುಡುಗರು ಸಾಲಾಗಿ ನಿಂತು, "ಕೂಯಾ, ನಮ್ಮ ಮೇಲೆ ಬೀಳ್ಬೇಡಿ ಆಯ್ತಾ" ಎಂದು ನಗಾಡಿ, ಆಮೇಲೆ ಮೂಗು ಒರೆಸಿಕೊಂ‌ಡರು. ಹಿಲ್ದೊ ಎಲ್ಲರಿಗೂ, "ಏನಿಲ್ಲ, ಏನಿಲ್ಲ" ಎಂದ. ಏನಿಲ್ಲ ಎಂಬ ಮಾತಿನಲ್ಲಿ ಎಷ್ಟೆಲ್ಲ ಇರುತ್ತದೆಂದು ಅಂದು ಕೇಳಬೇಕಿತ್ತು.

ಗೇಟಿನ ಹತ್ತಿರ ಬಂದಾಗ ಹಿಂದಿನಿಂದ ಯಾರೋ ಓಡಿಬಂದರು. ಲಕ್ಸಮಾನಾ. ಬೆವರಿದ್ದ, ಮುಖ ಸಣ್ಣದಾಗಿತ್ತು.

"ಹಿಲ್ದೊ. ಒಂದ್ನಿಮಿಷ. ನಿನ್ನೆ ನಮ್ಮಜ್ಜಿ ಜೊತೆ ಫೋನಲ್ಲಿ ಮಾತಾಡ್ದೆ. ನಿನ್ನ ವಿಷಯ ಹೇಳ್ದೆ. ಬೈದ್ರು. ನಾನು ಹುಟ್ಟಿದಾಗಿನಿಂದ ಅಷ್ಟು ಬೈಸ್ಕೊಂಡಿಲ್ಲ. ಒಂದು ಸಲ ಕೇಳಿ ಎದ್ದು ಬಂದ್ಯಾ, ನಿನ್ನ ಯಾರು ಬೆಳೆಸಿದ್ದು ಅಂದ್ರು. ನೀನೇ ತಾನೇ ಅಜ್ಜಿ ಅಂದೆ. ಅದಕ್ಕೆ ಇನ್ನೂ ಬೈದ್ರು."

ಹಿಲ್ದೊ ಚೀಲ ಕೆಳಗಿಟ್ಟ.

"ಮೂರು ಸಲ ಕೇಳ್ಬೇಕಂತೆ," ಎಂದ ಲಕ್ಸಮಾನಾ. "ಕೇಳದೆ ಕಳಿಸಿದ್ರೆ ಅದು ಅವಮಾನವಂತೆ. ನಾನು ಅವಮಾನ ಮಾಡ್ಬೇಕಂತ ಇರ್ಲಿಲ್ಲ. ಅದಕ್ಕೇ..." ಅವನು ಸ್ವಲ್ಪ ನೆಟ್ಟಗೆ ನಿಂತುಕೊಂಡ. "ಹಿಲ್ದೊ, ಹೋಗ್ಬೇಡ."

ಹಿಲ್ದೊನ ಬಾಯಿಂದ ಅಭ್ಯಾಸಬಲದಿಂದ ಮಾತು ಬಂತು. "ಬಿಡಿ ಕೋಚ್, ಪರವಾಗಿಲ್ಲ."

ಲಕ್ಸಮಾನಾ ಎದೆಗುಂದಲಿಲ್ಲ. ಎಣಿಕೆಗೆ ಒಂದು ಬೆರಳು ಮಡಿಸಿದ್ದನ್ನು ನಾನು ನೋಡಿದೆ. ಹತ್ತಿರ ಬಂದು ಹಿಲ್ದೊನ ಹೆಗಲ ಮೇಲೆ ಕೈಯಿಟ್ಟ. "ಹೋಗ್ಬೇಡಿ. ಮೊನ್ನೆ ಬಿಯರ್ ತಂಡದ ಆ ದೈತ್ಯ ಬರ್ತಿದ್ದಾಗ ನಾನು ಬೆಂಚ್ ಕಡೆ ತಿರುಗಿ ನಿಮ್ಮನ್ನ ನೋಡ್ದೆ. ಕರೀಲಿಲ್ಲ. ಕರೀಬೇಕಿತ್ತು. ಅದು ನನ್ನ ತಪ್ಪು. ಅವನ ಮುಂದೆ ಹೋಗಿ ನಿಲ್ಲೋರು ಇಲ್ಲಿ ಇನ್ಯಾರಿದ್ದಾರೆ?"

ಬಹುವಚನ ಬಂದಿತ್ತು. ಎಲ್ಲಿಂದ ಕಲಿತನೋ, ಅಜ್ಜಿಯೇ ಫೋನಿನಲ್ಲಿ ಹೇಳಿಕೊಟ್ಟರೋ. ಹಿಲ್ದೊನ ಕಿವಿ ಕೆಂಪಾಯಿತು. ಅವನು ನೆಲ ನೋಡುತ್ತಾ, "ಯಾರಾದ್ರೂ ಇರ್ತಾರೆ ಬಿಡಿ" ಎಂದ.

"ಕೂಯಾ ಹಿಲ್ದೊ," ಎಂದ ಲಕ್ಸಮಾನಾ. ಆತ ಯಾರನ್ನೂ ಅಣ್ಣಾ ಎಂದು ಕರೆದದ್ದನ್ನು ನಾವು ಕೇಳಿರಲಿಲ್ಲ. "ದಯವಿಟ್ಟು. ನಮ್ಮನ್ನ ಬಿಟ್ಟು ಹೋಗ್ಬೇಡಿ."

ಹಿಲ್ದೊ ತಲೆ ಎತ್ತಿದ.

"ಸರಿ ಕೋಚ್," ಎಂದ. "ಇರ್ತೀನಿ."

ಲಕ್ಸಮಾನಾನ ಮುಖ ನೋಡಬೇಕಿತ್ತು. ಅಜ್ಜಿ ಪ್ರಶ್ನೆಯನ್ನಷ್ಟೇ ಕಲಿಸಿದ್ದರು. ಉತ್ತರ ಬರುತ್ತದೆಂದು ಹೇಳಿರಲಿಲ್ಲ. ಅವನು ಹಿಲ್ದೊನನ್ನು ನೋಡಿದ, ವ್ಯಾನನ್ನು ನೋಡಿದ, ನನ್ನನ್ನು ನೋಡಿದ. ನಾನು ನನ್ನ ಹೆಬ್ಬೆರಳನ್ನು ನೋಡಿದೆ.

"ಆದ್ರೆ... ಲೀಗ್ ಕಚೇರಿ... ನಿನ್ನೆಯೇ..."

"ಗೊತ್ತು ಕೋಚ್."

"ಈಗ ಏನೂ ಮಾಡಕ್ಕಾಗಲ್ಲ."

"ಗೊತ್ತು."

"ಮತ್ತೆ ಯಾಕೆ ಇರ್ತೀನಿ ಅಂದ್ರಿ?"

"ಕೇಳಿದ್ರಲ್ಲ," ಎಂದ ಹಿಲ್ದೊ. "ಅದಕ್ಕೆ ಹೇಳ್ದೆ."

ವ್ಯಾನಿನವನು ಹಾರನ್ ಹೊಡೆದ. ಹಿಲ್ದೊ ಚೀಲ ಎತ್ತಿಕೊಂಡು, ಕೋಚ್‌ನ ಕೈ ಕುಲುಕಿ, ನಿಮ್ಮಜ್ಜಿಗೆ ನನ್ನ ನಮಸ್ಕಾರ ತಿಳಿಸಿ ಎಂದು ಹೇಳಿ, ಹೋಗಿ ವ್ಯಾನ್ ಹತ್ತಿದ. ನಾನೂ ಹತ್ತಿದೆ, ನಮ್ಮ ಬೀದಿಯ ದಾರಿಯಲ್ಲಿ ಇಳಿಸುತ್ತೇವೆಂದಿದ್ದರು. ಲಕ್ಸಮಾನಾ ಗೇಟಿನಲ್ಲಿ ಕೈಯ ಮೂರು ಬೆರಳು ಇನ್ನೂ ಮಡಿಸಿಕೊಂಡೇ ನಿಂತಿದ್ದ.

ಸೇತುವೆ ದಾಟುವವರೆಗೂ ಹಿಲ್ದೊ ಚೀಲವನ್ನು ತೊಡೆಯ ಮೇಲೆ ಹಿಡಿದು ಕೂತಿದ್ದ. ಅಳುತ್ತಾನೇನೋ ಎಂದು ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತೆ. ಆಮೇಲೆ ಅವನು ಮುಂದಿನ ಸೀಟಿನ ಬೆನ್ನಿಗೆ ಮುಷ್ಟಿಯಿಂದ ಒಂದು ಗುದ್ದು ಕೊಟ್ಟ. ಡ್ರೈವರು ಬೆಚ್ಚಿ ತಿರುಗಿ ನೋಡಿದ.

"ಏನಾಯ್ತು ಪಾರೆ?" ಎಂದೆ.

"ಎಷ್ಟು ಚೆನ್ನಾಗಿ ಕೇಳ್ದ ನೋಡು, ಆ ದರಿದ್ರದೋನು!" ಎಂದ ಹಿಲ್ದೊ. "ಏಮಾಂಗ್ ಕೂಡ ಅಷ್ಟು ಚೆನ್ನಾಗಿ ಯಾವತ್ತೂ ಕೇಳಿರ್ಲಿಲ್ಲ."